ಕೌದಿಯ ಹೊಟ್ಟೆ

ಅಂಚಿನಿಂದ ಹೊರಟ ಹೊಲಿಗೆ ಸುತ್ತಿ ಸುತ್ತಿ ಕೌದಿಯ ನಡುವಿಗೆ ಬಂದಿತ್ತು. ಲವೀನಾ ಹಾಲ್‌ನ ಮರದ ನೆಲದ ಮೇಲೆ ಎಡಗಾಲು ಚಾಚಿ ಕೂತು, ಕೌದಿಯನ್ನು ಮೊಣಕಾಲಿನಡಿ ಅದುಮಿ ಹಿಡಿದು ಸೂಜಿ ಎಳೆಯುತ್ತಿದ್ದಳು. ಗೇಣಗಲದ ಒಂದು ಚೌಕ ಮಾತ್ರ ಇನ್ನೂ ಬಾಯಿ ತೆರೆದುಕೊಂಡಿತ್ತು. ಅವಳ ಅವ್ವ ಅದನ್ನು ಕೌದಿಯ ಹೊಟ್ಟೆ ಅನ್ನುತ್ತಿದ್ದಳು. ಅದನ್ನು ಮುಚ್ಚುವ ಮೊದಲು ಒಳಗೆ ನಾಲ್ಕು ಅಕ್ಕಿಕಾಳು ಹಾಕಬೇಕು. ಹಸಿದ ಕೌದಿಯನ್ನು ಯಾರಿಗೂ ಹೊದಿಸಬಾರದು. ಹಳಿಯಾಳದ ಆಚೆ, ಲವೀನಾ ಹುಟ್ಟಿದ ಸಿದ್ದಿ ಓಣಿಯಲ್ಲಿ, ಅಕ್ಕಿ ಹಾಕದೆ ಕೊನೆಯ ಗಂಟು ಹಾಕಿದ ಹೆಂಗಸನ್ನು ಅವಳು ಕಂಡಿರಲಿಲ್ಲ.

"ಎಂತ ಮಾರಾಯ್ತಿ ಅದು," ಎಂದರು ಸೋಫಾದಲ್ಲಿ ಕೂತ ಎಲಿಜಬೆತ್. "ಅಮೆರಿಕಾಕ್ಕೆ ಬಂದೂ ಚಿಂದಿ ಹೊಲಿಯುದು ಬಿಡ್ಲಿಲ್ಲ ನೀನು. ಅಂಗಡಿಯಲ್ಲಿ ಒಳ್ಳೊಳ್ಳೆ ಕಂಬಳಿ ಸಿಗ್ತದೆ."

ಲವೀನಾ ತಲೆ ಎತ್ತಲಿಲ್ಲ. ಎಲಿಜಬೆತ್ ಅವಳ ಅತ್ತೆ. ಮಂಗಳೂರಿನ ಬಿಜೈಯಿಂದ ಬೇಸಿಗೆ ಕಳೆಯಲು ಮಗನ ಮನೆಗೆ ಬಂದವರು, ಇಲ್ಲಿ ಬೇಸಿಗೆ ಮುಗಿದು ಮರದೆಲೆಯೆಲ್ಲ ಉದುರಿದರೂ ಹೊರಟಿರಲಿಲ್ಲ. ಕೈಯಲ್ಲಿ ಜಪಸರ, ಬಾಯಲ್ಲಿ ಮಾತು, ಎರಡೂ ಒಟ್ಟಿಗೇ ನಡೆಯುತ್ತಿದ್ದವು. ಮದುವೆಯ ದಿನ, ಇಗರ್ಜಿಯ ಮೆಟ್ಟಿಲಿನ ಮೇಲೆ ಹೊಸ ಸೊಸೆ ಕೊಂಕಣಿಯಲ್ಲಿ ಆಶೀರ್ವಾದ ಕೇಳಿದಾಗ ಅವರು ಪಕ್ಕದವರ ಕಡೆ ತಿರುಗಿ, ಇದು ಕಾಡಿನ ಕೊಂಕಣಿ ಎಂದು ನಕ್ಕಿದ್ದರು. ಅಂದಿನಿಂದ ಲವೀನಾ, ಅತ್ತೆಯನ್ನು ಮಾಂಯ್ ಎಂದು ಕರೆಯುವುದೊಂದನ್ನು ಬಿಟ್ಟು, ಅವರೆದುರು ಕೊಂಕಣಿಯ ಒಂದು ಶಬ್ದವನ್ನೂ ಆಡಿರಲಿಲ್ಲ. ಎರಡೂ ಕಡೆ ಕೊಂಕಣಿಯವರೇ ಇರುವ ಈ ಮನೆಯಲ್ಲಿ ಎಲ್ಲರೂ ಕನ್ನಡ ಮಾತಾಡುವುದಕ್ಕೆ ಇದೇ ಕಾರಣ. ಹೊರಗಿನವರು ಕೇಳಿದರೆ ಲವೀನಾಳ ಗಂಡ ಆಂಟನಿ ಮಾತ್ರ, ನಮಗೆ ಕನ್ನಡದ ಮೇಲೆ ಅಭಿಮಾನ ಅನ್ನುತ್ತಿದ್ದ.

ಕೌದಿ ಸಿಂಥಿಯಾಳಿಗೆ. ಹದಿನಾರರ ಮಗಳು ಸಿಯಾಟಲ್‌ನ ಆಸ್ಪತ್ರೆಯೊಂದರಲ್ಲಿ, ಬಾಗಿಲಿಗೆ ಒಳಗಿನಿಂದ ಚಿಲಕವಿಲ್ಲದ ವಾರ್ಡಿನಲ್ಲಿದ್ದಳು. ಚಳಿ ಎಂದಿದ್ದಳು. ಅಲ್ಲಿ ಸೇರಿದ ಮೇಲೆ ಅಮ್ಮನಿಗೆ ಅವಳು ಹೇಳಿದ್ದು ಅದೊಂದೇ ಮಾತು. ಅವಳ ಚಿಕ್ಕಂದಿನ ಫ್ರಾಕು, ಲವೀನಾಳ ಹಳೆ ಸೀರೆ, ಸತ್ತ ಅವ್ವ ಉಡುತ್ತಿದ್ದ ಒಂದು ಲುಗಡಾ, ಎಲ್ಲ ಈ ಕೌದಿಯೊಳಗೆ ಬಂದಿದ್ದವು.

ಆಂಟನಿ ಮಹಡಿಯಿಂದ ಇಳಿದು ಬಂದ. ರೆಡ್ಮಂಡಿನ ಆಫೀಸಿನಲ್ಲಿ ದೊಡ್ಡ ಮೀಟಿಂಗ್ ಇದ್ದ ದಿನ ಹಾಕುವ ನೀಲಿ ಶರ್ಟನ್ನೇ ಇವತ್ತೂ ಹಾಕಿದ್ದ. ಇವತ್ತಿನದೂ ಮೀಟಿಂಗೇ. ಮಧ್ಯಾಹ್ನ ಡಾಕ್ಟರು ಮನೆಯವರನ್ನೆಲ್ಲ ಕೂರಿಸಿಕೊಂಡು, ಹುಡುಗಿಯನ್ನು ಮನೆಗೆ ಕಳಿಸುವುದೋ, ಇಲ್ಲ ಬೆಟ್ಟಸಾಲಿನ ಆಚೆ ತಿಂಗಳುಗಟ್ಟಲೆ ಇಟ್ಟುಕೊಳ್ಳುವ ಜಾಗಕ್ಕೆ ಸಾಗಿಸುವುದೋ ಹೇಳುವವರಿದ್ದರು.

"ಏನ್ ಹೇಳ್ಬೇಕು ಅಂತ ನೆನಪಿದೆ ತಾನೆ?"

"ಇದೆ."

"ಒಂದ್ಸಲ ಹೇಳು, ಕೇಳ್ತೀನಿ."

ಲವೀನಾ ಸೂಜಿಯನ್ನು ಬಟ್ಟೆಯೊಳಗೆ ಚುಚ್ಚಿ ಬಿಟ್ಟಳು. ಶಾಲೆಯ ಮಗ್ಗಿ ಒಪ್ಪಿಸುವವಳ ಹಾಗೆ ಹೇಳಿದಳು, ಆ ದಿನ ನಿದ್ದೆಗೆಟ್ಟಿದ್ದೆ, ಪ್ರಶ್ನೆ ಸರಿಯಾಗಿ ತಿಳಿಯಲಿಲ್ಲ, ನಮ್ಮ ಮನೆತನದಲ್ಲಿ ಇಂಥ ಕಾಯಿಲೆ ಯಾರಿಗೂ ಇಲ್ಲ.

"ಅಷ್ಟೇ. ಅದರ ಮೇಲೆ ಒಂದು ಮಾತೂ ಬೇಡ. ಹಿರಿಯರು, ತೆಂಗಿನಕಾಯಿ, ಕೋಳಿ, ಯಾವ್ದೂ ಬೇಡ ಲವೀ."

"ನಾನು ಮದುವೆಗೆ ಮೊದ್ಲೇ ಹೇಳಿದ್ದೆ ನಿಂಗೆ," ಎಂದರು ಎಲಿಜಬೆತ್ ಮಗನಿಗೆ. "ಆ ರಕ್ತದಲ್ಲಿ ಎಂತದೋ ಉಂಟು ಅಂತ. ನಮ್ಮ ಕಡೆಯಲ್ಲಿ ಎಲ್ಲಿಯಾದ್ರೂ ಉಂಟಾ ಇಂಥದ್ದು?"

"ಡೇನಿಯಲ್ ಮಾಮ ಮಹಡಿ ಕೋಣೆಯಿಂದ ಕೆಳಗೇ ಇಳೀತಿರ್ಲಿಲ್ಲವಂತೆ, ಮಾಂಯ್. ಊಟಾನೂ ಬಾಗಿಲ ಸಂದಿಯಿಂದ ಕೊಡ್ತಿದ್ರಂತೆ," ಎಂದಳು ಲವೀನಾ.

ಎಲಿಜಬೆತ್ ಅವರ ಬೆರಳು ಜಪಸರದ ಮೇಲೆ ನಿಂತಿತು. ಡೇನಿಯಲ್ ಅವರ ಒಡಹುಟ್ಟಿದ ತಮ್ಮ. "ಅವನಿಗೆ ನರದ ವೀಕ್‌ನೆಸ್ ಇತ್ತು. ಅದು ಬೇರೆ," ಎಂದರು, ಮುಖ ಗಂಟಿಕ್ಕಿಕೊಂಡು.

ಆಂಟನಿ ಕಾರಿನ ಕೀ ಎತ್ತಿಕೊಂಡು, ಸಾಕು ಏಳಿ ಎಂದ. ಲವೀನಾ ಕೌದಿಯನ್ನು ಹಾಗೇ ಮಡಿಸಿ ಎದೆಗವುಚಿಕೊಂಡು ಕಾರು ಹತ್ತಿದಳು. ಅಕ್ಕಿ ಹಾಕಲು ಹೊತ್ತು ಸಿಗಲಿಲ್ಲ.

*

ಹುಡುಗಿಗೆ ಹೀಗಾಗಿದ್ದು ರಾಜ್ಯೋತ್ಸವದಿಂದ ಎಂದು ಲವೀನಾಳಿಗೆ ಗೊತ್ತಿತ್ತು. ಮಿಕ್ಕವರಿಗೂ ಗೊತ್ತಿತ್ತು, ಬಾಯಿ ಬಿಡುತ್ತಿರಲಿಲ್ಲ, ಅಷ್ಟೆ.

ಕನ್ನಡ ಸಂಘದ ನೇತ್ರಾ, ಅಂಗಡಿಯಲ್ಲಿ ಎದುರಾದರೆ ಕೊತ್ತಂಬರಿ ಸೊಪ್ಪನ್ನು ಆಸಕ್ತಿಯಿಂದ ನೋಡುತ್ತ ದಾಟಿ ಹೋಗುತ್ತಿದ್ದವಳು, ಹೋದ ವರ್ಷ ತಾನಾಗಿ ಕಾಲ್ ಮಾಡಿದ್ದಳು. ಈ ಸಲ ಕರ್ನಾಟಕದ ಬುಡಕಟ್ಟು ಕಲೆಗಳು ಅಂತ ಥೀಮ್ ಇಟ್ಟಿದೀವಿ, ನಿಮ್ಮ ಮಗಳಿಗಿಂತ ಒರಿಜಿನಲ್ ನಮಗೆ ಎಲ್ಲಿ ಸಿಗ್ತಾರೆ ಹೇಳಿ ಎಂದಿದ್ದಳು. ಲವೀನಾಳಿಗೆ ಉರಿಯಬೇಕಿತ್ತು. ಉರಿಯಲಿಲ್ಲ, ಹಿಗ್ಗಾಯಿತು. ಇಷ್ಟು ವರ್ಷಕ್ಕೆ ಸಂಘದವರು ಮನೆಯ ಹೆಸರು ಹಿಡಿದು ಕರೆದರಲ್ಲ ಎಂದುಕೊಂಡು, ಒಲ್ಲೆ ಎಂದ ಮಗಳನ್ನು ಒತ್ತಾಯಿಸಿ ಒಪ್ಪಿಸಿದಳು. ಅವ್ವ ಕಲಿಸಿದ ಹೆಜ್ಜೆಗಳನ್ನೆಲ್ಲ ಗ್ಯಾರೇಜಿನಲ್ಲಿ ನಿಂತು ಕಲಿಸಿದಳು. ವೇದಿಕೆಗೆ ಹೋಗುವ ಹೊತ್ತಿಗೆ ನೇತ್ರಾ ಪ್ಲಾಸ್ಟಿಕ್ ಎಲೆಯ ಸರ ತಂದು ಹುಡುಗಿಯ ಸೀರೆಯ ಮೇಲೆ ಸೊಂಟಕ್ಕೆ ಕಟ್ಟಿದಳು, ಕೆನ್ನೆಗೆ ಬಿಳಿ ಪಟ್ಟೆ ಎಳೆದಳು. ಓಣಿಯಲ್ಲಿ ಯಾರೂ ಎಲೆ ಕಟ್ಟಿಕೊಂಡು ಕುಣಿದದ್ದನ್ನು ಲವೀನಾ ಕಂಡಿರಲಿಲ್ಲ. ಹಾಗೆಂದಳು ಕೂಡ. ನೇತ್ರಾ ನಕ್ಕು, ನೋಡೋರಿಗೆ ಗೊತ್ತಾಗ್ಬೇಕಲ್ಲ ಮೇಡಂ ಎಂದಳು.

ಸ್ಪೀಕರಿನಲ್ಲಿ ದಮಾಮಿ ಡೋಲಿನ ಬಡಿತ ಶುರುವಾಯಿತು. ಸಿಂಥಿಯಾ ಚೆನ್ನಾಗಿಯೇ ಕುಣಿಯುತ್ತಿದ್ದಳು. ಮುಂದಿನ ಸಾಲಿನ ಹುಡುಗರು, ಅವಳ ಶಾಲೆಯವರೇ, ಕನ್ನಡದ ಮನೆಗಳ ಮಕ್ಕಳೇ, ಬಾಯಿಗೆ ಕೈ ಅಡ್ಡ ಹಿಡಿದು ಮಂಗನ ದನಿ ತೆಗೆದರು. ಒಬ್ಬಿಬ್ಬರು ದೊಡ್ಡವರು ನಕ್ಕರು. ಕೈಯಲ್ಲಿ ಫೋನ್ ಹಿಡಿದವರು ಹಿಡಿದೇ ಇದ್ದರು. ಹುಡುಗಿ ನಿಂತುಬಿಟ್ಟಳು. ದಮಾಮಿ ಬಡಿಯುತ್ತಲೇ ಇತ್ತು. ಅದು ಮುಗಿಯುವವರೆಗೂ ಅವಳು ಕಣ್ಣು ಪಿಳುಕಿಸದೆ ಅದೇ ಜಾಗದಲ್ಲಿ ನಿಂತಿದ್ದಳು. ಚಪ್ಪಾಳೆಯೂ ಬಿತ್ತು.

ಆಮೇಲೆ ಮಾತು ಕಮ್ಮಿಯಾಯಿತು, ಊಟ ಕಮ್ಮಿಯಾಯಿತು. ಶಾಲೆಗೆ ಹೋಗುವುದು ನಿಂತಿತು. ಬಟ್ಟೆ ಕಪಾಟಿನೊಳಗೆ ಬಾಗಿಲು ಎಳೆದುಕೊಂಡು ಕೂರತೊಡಗಿದಳು. ಒಂದು ದಿನ ಕಪಾಟಿನೊಳಗಿಂದ ಮಾತು ಕೇಳಿಸಿತು. ಯಾರ ಜೊತೆ ಎಂದು ಕೇಳಿದರೆ, ಆಜಿ ಜೊತೆ ಎಂದಳು. ಆಜಿ ಅಂದರೆ ಲವೀನಾಳ ಅವ್ವ. ಅವ್ವ ಸತ್ತು ಆಗಲೇ ಒಂದು ವರ್ಷವಾಗಿತ್ತು.

ತುರ್ತು ವಿಭಾಗದಲ್ಲಿ ಕಂಪ್ಯೂಟರಿನ ಮುಂದೆ ಕೂತವನು ಕೇಳಿದ್ದ, ನಿಮ್ಮ ಮನೆತನದಲ್ಲಿ ಬೇರೆ ಯಾರಿಗಾದರೂ ಇಲ್ಲದವರ ದನಿ ಕೇಳಿಸುತ್ತಿತ್ತೇ ಎಂದು. ಲವೀನಾ ನರ್ಸು. ಮರ್ಸರ್ ಐಲ್ಯಾಂಡಿನ ವೃದ್ಧರ ಮನೆಯೊಂದರಲ್ಲಿ ಕೆಲಸ, ಇಂಥ ಪ್ರಶ್ನೆಗಳನ್ನು ತಾನೇ ಎಷ್ಟೋ ಜನರಿಗೆ ಕೇಳಿದವಳು. ಆದರೆ ಆ ಹೊತ್ತು ಅವಳು ನರ್ಸಾಗಿ ಕೂತಿರಲಿಲ್ಲ. ಅವಳ ಓಣಿಯಲ್ಲೂ ಈ ಪ್ರಶ್ನೆ ಇತ್ತು. ನಿಮ್ಮ ಮನೆಯಲ್ಲಿ ಹಿರಿಯರು ಯಾರ ಮೈಮೇಲೆ ಬರುತ್ತಾರೆ ಎಂದು ಹೆಣ್ಣು ಕೇಳಲು ಬಂದವರೂ ಕೇಳುತ್ತಿದ್ದರು, ದೂರದ ನೆಂಟರೂ ಕೇಳುತ್ತಿದ್ದರು. ಗೋಡೆಯ ಮೇಲೆ ಶಿಲುಬೆ ಇದ್ದ ಮನೆಯಲ್ಲೂ ಅಡಿಗೆಮನೆಯ ಮೂಲೆಯಲ್ಲಿ ಹಿರಿಯರ ತೆಂಗಿನಕಾಯಿ ಇರುತ್ತಿತ್ತು. ಹಿರಿಯರು ಬರುವ ಹೆಂಗಸಿಗೆ ಊರವರು ಚಾಪೆ ಹಾಸುತ್ತಿದ್ದರು. ಅದು ತಲೆ ಎತ್ತಿ ಉತ್ತರ ಕೊಡುವಂಥ ಪ್ರಶ್ನೆ. ಲವೀನಾ ತಲೆ ಎತ್ತಿಯೇ ಹೇಳಿದಳು, ನನ್ನ ಅಜ್ಜಿಗೆ ಬರುತ್ತಿದ್ದರು, ನನ್ನ ಅವ್ವನಿಗೆ ಬರುತ್ತಿದ್ದರು, ಮದುವೆಗೆ ಮೊದಲು ಒಮ್ಮೆ ನನಗೂ ಬಂದಿದ್ದಾರೆ.

ಅವನ ಬೆರಳು ಪಟಪಟ ಓಡಿತು. ಮಾರನೇ ದಿನದ ಹೊತ್ತಿಗೆ ಹುಡುಗಿಯ ಸಂಕಟಕ್ಕೆ ಒಂದು ದೊಡ್ಡ ಹೆಸರು ಬಿದ್ದಿತ್ತು. ಮೂರು ತಲೆಮಾರಿನಿಂದ ಇಳಿದು ಬಂದದ್ದು, ಹಗುರವಾಗಿ ತೆಗೆದುಕೊಳ್ಳುವಂಥದ್ದಲ್ಲ ಎಂದರು ಡಾಕ್ಟರು. ಮಾತ್ರೆಗಳು ದೊಡ್ಡವಾದವು. ಸಿಂಥಿಯಾಳ ಕೈ ನಡುಗತೊಡಗಿತು, ನಾಲಿಗೆ ದಪ್ಪವಾಯಿತು.

*

ಕಾರು ಮನೆಯಿದ್ದ ಸಮಾಮಿಶ್‌ನಿಂದ ಇಳಿದು ಹೆದ್ದಾರಿ ಸೇರಿತು. ಹಿಂದಿನ ಸೀಟಿನಲ್ಲಿ ಎಲಿಜಬೆತ್ ಅವರ ತುಟಿ ಆಡುತ್ತಿತ್ತು. ಮರ್ಸರ್ ಐಲ್ಯಾಂಡಿನ ತಿರುವು ಬಂದಾಗ ಲವೀನಾ ಅಭ್ಯಾಸದಿಂದ ಆ ಕಡೆ ನೋಡಿದಳು. ಅವಳ ಕೆಲಸದ ಜಾಗದಲ್ಲಿ ಒಬ್ಬ ಮುದುಕ ಅವಳ ಕೈಯಿಂದ ಮಾತ್ರೆ ತೆಗೆದುಕೊಳ್ಳದೆ ಬೇರೆಯವಳನ್ನು ಕಳಿಸಿ ಅನ್ನುತ್ತಿದ್ದ. ಜೊತೆಯ ಕೆನ್ಯಾದ ನರ್ಸುಗಳು ಅದಕ್ಕೆ ನಗುತ್ತ, ನಮ್ಮ ಸಂಘಕ್ಕೆ ಸ್ವಾಗತ ಅನ್ನುತ್ತಿದ್ದರು. ನಾನು ಇಂಡಿಯನ್ ಎಂದು ಲವೀನಾ ಹೇಳಿದಾಗ ನಗು ನಿಂತಿತ್ತು. ಆಮೇಲೆ ಅವರು ಊಟಕ್ಕೆ ಅವಳನ್ನು ಕರೆಯಲಿಲ್ಲ.

"ನೀನು ಅವತ್ತು ಬಾಯಿ ಮುಚ್ಕೊಂಡಿದ್ದಿದ್ರೆ ಇಷ್ಟ್ರಲ್ಲಿ ಅವಳು ಮನೇಲಿರ್ತಿದ್ಲು," ಎಂದ ಆಂಟನಿ, ರಸ್ತೆಯಿಂದ ಕಣ್ಣು ಕೀಳದೆ.

"ನೀನು ಅವತ್ತು ಮುಂದಿನ ಸಾಲಲ್ಲೇ ಕೂತಿದ್ದೆ. ಎದ್ದು ಆ ಹುಡುಗರ ಕಪಾಳಕ್ಕೆ ಬಾರಿಸಿದ್ರೆ ಅವಳು ಕಪಾಟೊಳಗೆ ಹೋಗ್ತಾನೇ ಇರ್ಲಿಲ್ಲ."

ಆ ಹುಡುಗರಲ್ಲಿ ಒಬ್ಬ ಆಂಟನಿಯ ಮ್ಯಾನೇಜರನ ಮಗ. ಅದು ಇಬ್ಬರಿಗೂ ಗೊತ್ತಿದ್ದರಿಂದ ಮಾತು ಅಲ್ಲೇ ನಿಂತಿತು. ಸೇತುವೆಯ ಎರಡೂ ಕಡೆ ಸರೋವರ ಸೀಸದ ಬಣ್ಣಕ್ಕೆ ತಿರುಗಿತ್ತು.

ವಾರ್ಡಿನ ಬಾಗಿಲಲ್ಲಿ ಬ್ಯಾಗು, ಬೆಲ್ಟು, ಫೋನು ಎಲ್ಲ ತೆಗೆದಿಡಬೇಕು. ಅಲ್ಲಿದ್ದ ಕಾವಲುಗಾರ ಕೌದಿಯನ್ನು ಮೇಜಿನ ಮೇಲೆ ಹರಡಿ ಅಂಗೈಯಿಂದ ಸವರುತ್ತ ಹೋದ. ನಡುವಿಗೆ ಬಂದಾಗ ಅವನ ಕೈ ತಟ್ಟನೆ ಹಿಂದಕ್ಕೆ ಸರಿಯಿತು. ಬಾಯಿ ತೆರೆದ ಚೌಕದಲ್ಲಿ ಸೂಜಿ ಇತ್ತು, ದಾರದ ಸಮೇತ.

ಅವನು ಸೂಜಿಯನ್ನು ನೋಡಿದ, ಲವೀನಾಳನ್ನು ನೋಡಿದ, ಇನ್ನೊಬ್ಬನನ್ನು ಕೂಗಿ ಕರೆದ. ಇದನ್ನು ಒಳಗೆ ಯಾಕೆ ಒಯ್ಯುತ್ತಿದ್ದೀರಿ ಎಂದು ಇಬ್ಬರೂ ಬೇರೆಬೇರೆಯಾಗಿ ಕೇಳಿದರು. ಮರೆತೆ ಎಂದಳು. ಇನ್ನೇನಾದರೂ ಮರೆತಿದ್ದೀರಾ ಎಂದು ಅವಳ ಜೇಬುಗಳನ್ನು ಹೊರಗೆಳೆಸಿದರು, ಕೂದಲನ್ನೂ ಬಿಚ್ಚಿಸಿ ನೋಡಿದರು. ಎಲಿಜಬೆತ್ ಅವರ ತುರುಬನ್ನು ಯಾರೂ ಮುಟ್ಟಲಿಲ್ಲ.

"ನೀನು ನರ್ಸಾ?" ಎಂದ ಆಂಟನಿ ಹಲ್ಲು ಕಚ್ಚಿ, ತೀರ ಸಣ್ಣ ದನಿಯಲ್ಲಿ. ಕೌದಿ ಮೇಜಿನ ಹಿಂದೆ ಉಳಿಯಿತು.

*

ಸಿಂಥಿಯಾ ಭೇಟಿಯ ಕೋಣೆಯಲ್ಲಿ ಕುರ್ಚಿಯ ಮೇಲೆ ಕಾಲು ಮಡಿಸಿಕೊಂಡು ಕೂತಿದ್ದಳು. ಅವಳ ದಟ್ಟ ಗುಂಗುರು ಕೂದಲಿಗೆ ಎಣ್ಣೆ ಕಾಣದೆ, ಬಾಚಣಿಗೆ ಕಾಣದೆ, ತಲೆಯ ಒಂದು ಮಗ್ಗುಲು ದಿಂಬಿಗೆ ಒತ್ತಿ ಚಪ್ಪಟೆಯಾಗಿತ್ತು. ಪಕ್ಕದ ಮೇಜಿನ ಮೇಲೆ ಮಧ್ಯಾಹ್ನದ ಊಟದ ತಟ್ಟೆ ಮುಟ್ಟದೆ ಇತ್ತು. ಲವೀನಾ ಕೂದಲಿಗೆ ಕೈ ಹಾಕಲು ಹೋದಾಗ ಅವಳು ತಲೆ ಹಿಂದಕ್ಕೆಳೆದಳು.

"ಏಸುವಿನ ಹೆಸರು ಹೇಳು ಮಗಾ, ಎಲ್ಲ ಸರಿ ಆಗ್ತದೆ," ಎಂದು ಎಲಿಜಬೆತ್ ಹತ್ತಿರ ಕುರ್ಚಿ ಎಳೆದುಕೊಂಡರು.

ಸಿಂಥಿಯಾ ಅವರ ಭುಜದ ಮೇಲಿನಿಂದ ಗೋಡೆಯ ಕಡೆ ನೋಡಿದಳು. ಮಾತ್ರೆಯಿಂದ ತೊದಲುವ ನಾಲಿಗೆಯಲ್ಲಿ, ಇಂಗ್ಲಿಷಿನಲ್ಲಿ ಹೇಳಿದಳು, "ಗ್ರ್ಯಾನಿ, ಆಜಿ ನಿನಗೆ ಹೊರಗೆ ಹೋಗು ಅಂತಿದಾಳೆ."

ಎಲಿಜಬೆತ್ ಥಟ್ಟನೆ ಎದ್ದರು. ಹಣೆಗೆ, ಎದೆಗೆ, ಎರಡು ಭುಜಗಳಿಗೆ ಬೆರಳು ಮುಟ್ಟಿಸಿಕೊಂಡು, ಗೋಡೆಯ ಕಡೆ ಬೆನ್ನು ಮಾಡದೆ ಬಾಗಿಲವರೆಗೆ ಸರಿದು ಹೊರಗೆ ಹೋದರು. ಇಷ್ಟು ದಿನ ಅದನ್ನು ರಕ್ತದ ಕಾಯಿಲೆ ಎಂದವರು ಇವರೇ. ಬೇರೆ ದಿನವಾಗಿದ್ದರೆ ಲವೀನಾಳಿಗೆ ನಗು ಬರುತ್ತಿತ್ತು. ಆಂಟನಿ ತಾಯಿಯ ಹಿಂದೆ ಹೋದ.

"ಡಾಕ್ಟರಿಗೆ ನೀನೇ ಹೇಳಿದೆಯಂತೆ," ಎಂದಳು ಸಿಂಥಿಯಾ. "ನನಗೆ ಹುಚ್ಚು ಅಂತ."

"ಹಾಗೆ ಹೇಳಿಲ್ಲ ಮಗಾ."

"ಚಿಕ್ಕವಳಿದ್ದಾಗ ಹಿರಿಯರು ಬರ್ತಾರೆ, ಹೆದರಬೇಡ ಅಂತ ನೀನೇ ಕತೆ ಹೇಳ್ತಿದ್ದೆ. ನಿನಗೆ ಬಂದ್ರೆ ಕತೆ. ನನಗೆ ಬಂದ್ರೆ ಕಾಯಿಲೆ. ನೀನು ಯಾವಾಗ್ಲೂ ಹೀಗೇ. ಮನೇಲೊಂದು, ಹೊರಗೊಂದು."

ಹೆತ್ತವಳನ್ನು ನೋಡುವ ಕಣ್ಣಾಗಿರಲಿಲ್ಲ ಅದು. ಲವೀನಾ ತಟ್ಟೆಯನ್ನು ಹತ್ತಿರ ತಳ್ಳಿ, ಒಂದು ತುತ್ತು ತಿನ್ನು ಎಂದಳು. ಹುಡುಗಿ ತಟ್ಟೆಯನ್ನು ವಾಪಸ್ ತಳ್ಳಿದಳು. ಆಮೇಲೆ, ಹುಟ್ಟಿದಾಗಿನಿಂದ ಕನ್ನಡ ಕೇಳಿ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತ ಬಂದ ಹುಡುಗಿ, ಕನ್ನಡದಲ್ಲಿ ಹೇಳಿದಳು.

"ಆಜಿಗೆ ಹಸಿವು. ಆಜಿಗೆ ಯಾರೂ ಊಟ ಹಾಕಿಲ್ಲವಂತೆ."

ಸತ್ತವರಿಗೆ ವರ್ಷ ತುಂಬಿದಾಗ ಅನ್ನ, ಕೋಳಿ ಸಾರು ಎಡೆ ಇಟ್ಟು ಕರೆದು ಹಿರಿಯರ ಸಾಲಿಗೆ ಸೇರಿಸಬೇಕು. ಅದನ್ನು ಮಗಳು ನಿಂತು ಮಾಡಬೇಕು. ಅವ್ವನಿಗೆ ಅದು ಆಗಿರಲಿಲ್ಲ. ಮಣ್ಣಿಗೇ ಹೋಗಿರದ ಲವೀನಾ, ವರ್ಷಕ್ಕಾದರೂ ಹೋಗುತ್ತೇನೆ ಎಂದಾಗ ಆಂಟನಿ, ಗ್ರೀನ್ ಕಾರ್ಡ್ ಈಗಲೋ ಆಗಲೋ ಅನ್ನುವಂತಿದೆ, ದೇಶ ಬಿಡಬೇಡ ಎಂದಿದ್ದ. ನೀನು ಬಂದ ಮೇಲೇ ಮಾಡೋಣ ಎಂದು ಹಳಿಯಾಳದ ಅಣ್ಣ ಕಾಯುತ್ತಿದ್ದ. ಮಗಳಿಗೆ ಅವಳು ಇದನ್ನು ಹೇಳಿರಲಿಲ್ಲ. ಅಣ್ಣನ ಫೋನು ಸ್ಪೀಕರಿನಲ್ಲಿದ್ದಾಗ ಹುಡುಗಿ ಕೇಳಿಸಿಕೊಂಡಿರಬಹುದು. ಕೇಳಿಸಿಕೊಳ್ಳದೆಯೂ ಇರಬಹುದು. ಎದುರಿಗೆ ಕೂತ ಹುಡುಗಿಯ ಕೊರಳ ಮೂಳೆಗಳು ಎದ್ದು ಕಾಣುತ್ತಿದ್ದವು. ಹಸಿದವರು ಯಾರು ಎಂದು ಲವೀನಾಳಿಗೆ ಆ ಹೊತ್ತಿನಲ್ಲಿ ಬೇರೆ ಮಾಡಿ ನೋಡಲಾಗಲಿಲ್ಲ.

*

ಹೊರಗೆ ಕಾರಿಡಾರಿನಲ್ಲಿ ಒಬ್ಬ ಹೆಂಗಸು ಕಾಯುತ್ತಿದ್ದಳು. ಎತ್ತರದ, ಬಿಳಿ ಬೆರೆತ ಜಡೆಗಳ, ಲವೀನಾಳಷ್ಟೇ ಕಪ್ಪಿನ ಹೆಂಗಸು. ಹೆಸರು ಯೊಲಾಂಡಾ. ವಾರ್ಡಿನ ಸಮಾಲೋಚಕಿ. ಮೀಟಿಂಗಿಗೆ ಮೊದಲು ಒಂದು ಮಾತು ಎಂದು ಲವೀನಾಳನ್ನು ಕಿಟಕಿಯ ಹತ್ತಿರ ಕರೆದೊಯ್ದಳು. ಅವಳ ದನಿಯಲ್ಲಿ ಬೆಣ್ಣೆ ಇರಲಿಲ್ಲ.

ನಿಮ್ಮ ಮಗಳು ಇಲ್ಲಿ ನನ್ನೊಬ್ಬಳ ಹತ್ತಿರ ಮಾತಾಡುತ್ತಾಳೆ, ಯಾಕೆ ಗೊತ್ತೇ ಎಂದಳು. ನಿಮ್ಮಂಥವರ ಜೊತೆ ಸೇರಬೇಡ ಅಂತ ಅಮ್ಮ ಹೇಳಿದ್ದಾಳೆ, ಅದಕ್ಕೇ, ಎಂದಳಂತೆ ಸಿಂಥಿಯಾ. ಶಾಲೆಯ ಕಪ್ಪು ಮಕ್ಕಳ ಕೂಟದವರು ಕರೆದಾಗ ನೀವು ಬಿಡಲಿಲ್ಲ. ನಾವು ಅವರಲ್ಲ ಎಂದಿರಿ. ಆಮೇಲೆ ನಿಮ್ಮವರ ಮುಂದೆ ಎಲೆ ಕಟ್ಟಿ ನಿಲ್ಲಿಸಿದಿರಿ. ಹುಡುಗಿ ಎಲ್ಲಿ ನಿಲ್ಲಬೇಕಿತ್ತು?

ಇದೆಲ್ಲ ನಿಮಗೆ ಅರ್ಥವಾಗುವುದಿಲ್ಲ, ನಮ್ಮದು ಬೇರೆ ಎಂದಳು ಲವೀನಾ.

"ಆ ಮಾತು ನನಗೂ ಬೇಕಾದಷ್ಟು ಜನ ಹೇಳಿದ್ದಾರೆ," ಎಂದಳು ಯೊಲಾಂಡಾ. ತನ್ನ ಅಜ್ಜಿ ಲೂಯಿಸಿಯಾನಾದವಳು ಎಂದಳು. ಸತ್ತ ಗಂಡನಿಗೆ ಭಾನುವಾರ ತಟ್ಟೆ ಇಡುತ್ತಿದ್ದಳು, ಎದುರು ಕೂತು ಅವನ ಜೊತೆ ಜಗಳ ಕೂಡ ಆಡುತ್ತಿದ್ದಳು. ಒಮ್ಮೆ ಅದನ್ನು ಡಾಕ್ಟರ ಮುಂದೆ ಹೇಳಿದಳು. ಆಮೇಲೆ ಅವಳು ಮನೆಗೆ ಬರಲಿಲ್ಲ.

"ಅಲ್ಲಿಂದ ನಮ್ಮಮ್ಮ ಒಂದೇ ಪಾಠ ಕಲಿಸಿದಳು. ಈ ಮನೆಯಲ್ಲಿ ಏನಾದರೂ ಆಗಲಿ, ಅವರಿಗೆ ಹೇಳಬೇಡಿ. ಅವಳ ಮೇಲೆ ನನಗೆ ಬೆಟ್ಟದಷ್ಟು ಸಿಟ್ಟಿತ್ತು. ಹೇಳದೆ ಹೇಳದೆ ನಮ್ಮಲ್ಲಿ ಎಷ್ಟು ಜನ ಒಳಗೇ ಕೊಳೆತುಹೋದರು. ಆಮೇಲೆ ಈ ಕೆಲಸಕ್ಕೆ ಸೇರಿದೆ. ಇಲ್ಲಿ ಬರೆದದ್ದು ಕಪ್ಪು ಹುಡುಗಿಯ ಬೆನ್ನು ಬಿಡೋದಿಲ್ಲ. ಕಾಲೇಜಿಗೆ ಹೋಗಲಿ, ಹೆರಿಗೆಗೆ ಹೋಗಲಿ, ಅವಳಿಗಿಂತ ಮುಂಚೆ ಅದು ಹೋಗಿ ಕೂತಿರುತ್ತೆ."

"ಹಾಗಾದರೆ ಸುಳ್ಳು ಹೇಳಲಾ?"

"ನಾನು ಹಾಗೆ ಹೇಳಲಿಲ್ಲ," ಎಂದಳು ಯೊಲಾಂಡಾ ಒರಟಾಗಿ. "ಹೇಳೋ ಹಾಗೂ ಇಲ್ಲ. ನನಗೆ ಗೊತ್ತಿರೋದು ಇಷ್ಟು, ಅವಳಿಗೆ ಔಷಧಿ ಬೇಕು. ಇಷ್ಟು ಬೇಡ. ಮತ್ತೆ ಅವಳು ಊಟ ಮಾಡಬೇಕು." ಅಷ್ಟು ಹೇಳಿ ಹಿಂದೆ ನೋಡದೆ ಮೀಟಿಂಗಿನ ಕೋಣೆಗೆ ನಡೆದಳು.

*

ಉದ್ದನೆಯ ಮೇಜು. ಒಂದು ತುದಿಗೆ ಡಾಕ್ಟರು, ಪಕ್ಕದಲ್ಲಿ ಯೊಲಾಂಡಾ. ಈ ಕಡೆ ಆಂಟನಿ, ಲವೀನಾ, ಮೂಲೆಯಲ್ಲಿ ಎಲಿಜಬೆತ್. ಸಿಂಥಿಯಾಳನ್ನೂ ಕರೆತಂದು ಕೂರಿಸಿದರು, ಅವಳ ವಿಷಯ ಅವಳೆದುರೇ ಆಗಬೇಕು ಎಂಬ ನಿಯಮವಂತೆ.

ಆಂಟನಿಯೇ ಶುರು ಮಾಡಿದ. ನನ್ನ ಹೆಂಡತಿ ಹಿಂದುಳಿದ ಕಡೆಯಿಂದ ಬಂದವಳು, ಅವಳ ಇಂಗ್ಲಿಷ್ ಅಷ್ಟಕ್ಕಷ್ಟೆ, ಆ ದಿನ ಗಲಿಬಿಲಿಯಾಗಿ ಏನೇನೋ ಹೇಳಿದ್ದಾಳೆ ಎಂದ. ದಿನವಿಡೀ ಇಂಗ್ಲಿಷಿನಲ್ಲೇ ಮುದುಕರ ಮಲಮೂತ್ರದ ವರದಿ ಬರೆಯುವ ಲವೀನಾ ತನ್ನ ಅಂಗೈಗಳನ್ನು ಮೇಜಿನ ಮೇಲಿಟ್ಟು ಕೂತಿದ್ದಳು. ಡಾಕ್ಟರು ಕೈ ಎತ್ತಿ ಅವನನ್ನು ತಡೆದು, ತಾಯಿಯೇ ಹೇಳಲಿ ಎಂದರು. ನಿಮ್ಮ ಅಜ್ಜಿ, ನಿಮ್ಮ ತಾಯಿ, ನೀವು. ಮೂವರಿಗೂ ದನಿ ಕೇಳಿಸುತ್ತಿತ್ತು ಎಂದಿದ್ದೀರಿ. ಹೌದೇ?

ಸಿಂಥಿಯಾ ಮೊದಲ ಸಲ ಅಮ್ಮನನ್ನು ನೇರವಾಗಿ ನೋಡುತ್ತಿದ್ದಳು. ಹೌದು ಎಂದರೆ ಹುಡುಗಿ ಒಂಟಿಯಾಗುವುದಿಲ್ಲ, ಬೆಟ್ಟದ ಆಚೆ ಹೋಗುತ್ತಾಳೆ. ಇಲ್ಲ ಎಂದರೆ ಮನೆಗೆ ಬರುತ್ತಾಳೆ, ಒಂಟಿಯಾಗಿ. ಚಾಪೆಯ ಮೇಲೆ ಕೂದಲು ಬಿಚ್ಚಿ ಕೂತ ಅವ್ವ, ಊರವರು ಒಬ್ಬೊಬ್ಬರೇ ಬಂದು ಬಗ್ಗಿ ತಮ್ಮ ಕಷ್ಟ ಕೇಳುವಾಗ ಅವ್ವನ ಬಾಯಿಂದ ಬರುತ್ತಿದ್ದ ಬೇರೊಂದು ದಪ್ಪ ದನಿ, ಎಲ್ಲ ಕಣ್ಣ ಮುಂದೆ ಬಂತು.

"ಇಲ್ಲ," ಎಂದಳು ಲವೀನಾ. ಅವಳ ಇಂಗ್ಲಿಷ್ ಅಚ್ಚುಕಟ್ಟಾಗಿತ್ತು. "ನಾನು ತಪ್ಪು ಹೇಳಿದೆ. ನಮ್ಮ ಕಡೆ ಅದು ಹಾಡಿನ, ಹಬ್ಬದ ಮಾತು. ನಮ್ಮ ಮನೆತನದಲ್ಲಿ ಯಾರಿಗೂ ಯಾವ ದನಿಯೂ ಕೇಳಿಸಿದ್ದಿಲ್ಲ. ನನ್ನ ತಾಯಿ ಸಾಯುವ ದಿನದವರೆಗೆ ಆರೋಗ್ಯವಾಗಿದ್ದಳು. ನನ್ನ ಮಗಳನ್ನು ಜನರೆದುರು ಅವಮಾನ ಮಾಡಿದರು. ಆಮೇಲೆ ಅವಳು ಮಾತು ಬಿಟ್ಟಳು, ಊಟ ಬಿಟ್ಟಳು, ಪ್ರೀತಿಸುತ್ತಿದ್ದ ಅಜ್ಜಿಯನ್ನು ನೆನೆದಳು. ನಡೆದದ್ದು ಅಷ್ಟೇ."

ಯೊಲಾಂಡಾ ತಲೆ ತಗ್ಗಿಸಿ ಏನೋ ಬರೆದುಕೊಳ್ಳುತ್ತಿದ್ದಳು, ಎತ್ತಲಿಲ್ಲ. ಡಾಕ್ಟರು ಪ್ರಶ್ನೆಯನ್ನು ನಾಲ್ಕು ಬಗೆಯಲ್ಲಿ ತಿರುಗಿಸಿ ಕೇಳಿದರು. ಲವೀನಾ ಪ್ರತಿ ಸಲವೂ ಅವ್ವನನ್ನು ಇಲ್ಲವೆಂದಳು. ಕೊನೆಗೆ ಅವರು ಕನ್ನಡಕ ತೆಗೆದು, ಹಾಗಿದ್ದರೆ ಇದನ್ನು ದುಃಖ ಮತ್ತು ಖಿನ್ನತೆ ಎಂದೇ ನೋಡೋಣ, ಮಾತ್ರೆ ಇಳಿಸೋಣ, ಊಟ ಮಾಡಿದರೆ ಸೋಮವಾರ ಮನೆಗೆ ಕರೆದೊಯ್ಯಿರಿ, ವಾರವಾರ ತೋರಿಸಿ ಎಂದರು. ಆಂಟನಿ ಡಾಕ್ಟರ ಕೈ ಕುಲುಕಿದ. ಎಲಿಜಬೆತ್ ಜಪಸರಕ್ಕೆ ಮುತ್ತಿಟ್ಟರು.

ಸಿಂಥಿಯಾ ಎದ್ದು ಬಾಗಿಲವರೆಗೆ ಹೋದಳು. ತಾಯಿಯ ಪಕ್ಕ ಬಂದಾಗ ಕ್ಷಣ ನಿಂತು, ಕನ್ನಡದಲ್ಲೇ, ಬೇರೆ ಯಾರಿಗೂ ಕೇಳದ ಹಾಗೆ ಹೇಳಿದಳು.

"ಆಜಿ ಕೇಳಿಸ್ಕೊಂಡ್ಲು."

*

ಕಾವಲುಗಾರ ಕೌದಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಸೂಜಿಯನ್ನು ಬೇರೆ ಲಕೋಟೆಯಲ್ಲಿಟ್ಟು ವಾಪಸ್ ಕೊಟ್ಟಿದ್ದ. ಮನೆಗೆ ಬಂದವಳೇ ಲವೀನಾ ಮತ್ತೆ ಅದೇ ಜಾಗದಲ್ಲಿ ಕಾಲು ಚಾಚಿ ಕೂತಳು. ಆಂಟನಿ ಚಹಾ ಮಾಡಿ ತಂದುಕೊಟ್ಟ. ಬಹಳ ಚೆನ್ನಾಗಿ ಮಾತಾಡಿದೆ ಲವೀ ಎಂದ. ಅವಳ ಭುಜದ ಮೇಲೆ ಕೈಯಿಡಲು ಬಂದವನು ಅವಳ ಮುಖ ನೋಡಿ ಹಿಂದಕ್ಕೆಳೆದುಕೊಂಡ. ಒಂದು ಕಾಲ್ ಇದೆ ಎಂದು ಮಹಡಿಗೆ ಹೋದ.

ಲವೀನಾ ಚಹಾ ಮುಟ್ಟಲಿಲ್ಲ. ಹಸಿದು ಬಂದ ಹಿರಿಯರು ಎಳೆಯ ಮೈಯನ್ನು ಹಿಡಿದುಕೊಂಡರೆ ಏನು ಮಾಡಬೇಕು ಎಂದು ಅವ್ವನೇ ಹೇಳಿಕೊಟ್ಟಿದ್ದಳು. ಎಡೆ ಇಟ್ಟು, ಕೂದಲು ಬಿಚ್ಚಿ ಕೂತು, ಆ ಮನೆಯ ಬಲಿತ ಹೆಂಗಸು ತನ್ನ ಮೈಗೆ ಕರೆದುಕೊಳ್ಳಬೇಕು. ಬರುವವರು ಸಿಟ್ಟಾಗಿದ್ದರೆ ಆ ಸಿಟ್ಟನ್ನೂ ಅವಳೇ ಹೊರಬೇಕು. ಮದುವೆಯಾದ ಮೇಲೆ ಲವೀನಾ ಒಮ್ಮೆಯೂ ಹಾಗೆ ಕೂತಿರಲಿಲ್ಲ. ಎಷ್ಟೋ ಸಲ ಬೆನ್ನ ಹುರಿಯಲ್ಲಿ ಹತ್ತಿ ಬರುತ್ತಿದ್ದ ನಡುಕವನ್ನು ಪಾತ್ರೆ ತಿಕ್ಕುತ್ತ, ಹಲ್ಲು ಬಿಗಿಹಿಡಿದು ಕೆಳಗಿಳಿಸಿದ್ದಳು. ಲವೀನಾ ಬಾಗಿಲು ಮುಚ್ಚಿಕೊಂಡದ್ದು ನೋಡಿಯೇ ಅವ್ವ ಹುಡುಗಿಯ ಕಪಾಟಿಗೆ ಹೋದಳೇನೋ. ಅದು ನಿಜವೋ ಅಲ್ಲವೋ, ನರ್ಸಾಗಿ ಅವಳಿಗೆ ಹೇಳಲು ಬರುತ್ತಿರಲಿಲ್ಲ. ಹುಡುಗಿಗೆ ಹೊತ್ತು ಹೊತ್ತಿಗೆ ಮಾತ್ರೆ ಕೊಡುವುದನ್ನು ಅವಳು ತಪ್ಪಿಸುವವಳಲ್ಲ. ಆದರೆ ಹೌದು ಅನ್ನಬೇಕಾದ ಕಡೆ ಇಲ್ಲ ಅಂದದ್ದಾಯಿತು. ಹೌದು ಅನ್ನುವುದಕ್ಕೆ ಇನ್ನೊಂದು ಜಾಗ ಇತ್ತು. ಮಗಳು ಎದುರಿಗೆ ಕೂತು ಕಣ್ಣಾರೆ ನೋಡಲಿ. ಹುಚ್ಚಿ ಎಂದು ಯಾರಾದರೂ ಕರೆಯುವುದೇ ಆದರೆ ಈ ಮನೆಯಲ್ಲಿ ಅದಕ್ಕೆ ವಯಸ್ಸಾದವಳು ತಾನಿದ್ದೇನೆ ಎಂದುಕೊಂಡಳು.

ಬಟ್ಟೆ ಒಗೆಯುವ ಕೋಣೆಯ ಮೂಲೆ ಸಾಕು. ತೆಂಗಿನಕಾಯಿ ಇಂಡಿಯನ್ ಅಂಗಡಿಯಲ್ಲಿ ಸಿಗುತ್ತದೆ. ಕೋಳಿ ಫ್ರಿಜ್ಜಿನಲ್ಲೇ ಇದೆ.

ಅವಳು ಎದ್ದು ಅಡಿಗೆಮನೆಗೆ ಹೋಗಿ ಡಬ್ಬಿಯಿಂದ ಒಂದು ಚಿಟಿಕೆ ಅಕ್ಕಿ ತಂದಳು. ಕೌದಿಯ ಹೊಟ್ಟೆಯೊಳಗೆ, ಅವ್ವನ ಲುಗಡಾದ ತುಂಡಿನ ಮೇಲೆ ಉದುರಿಸಿದಳು. ಲಕೋಟೆ ಹರಿದು ಸೂಜಿ ತೆಗೆದಳು.

"ಎಂತ ಹಾಕಿದ್ದು ಅದರೊಳಗೆ?" ಎಂದರು ಸೋಫಾದಿಂದ ಎಲಿಜಬೆತ್. ಆಸ್ಪತ್ರೆಯಿಂದ ಬಂದ ಮೇಲೆ ಅವರು ಗೋಡೆಗೆ ಬೆನ್ನು ಒತ್ತಿಕೊಂಡೇ ಕೂತಿದ್ದರು.

"ಏನೂ ಇಲ್ಲ, ಮಾಂಯ್."

ಉಳಿದ ಚೌಕ ಸುತ್ತಿನ ಮೇಲೆ ಸುತ್ತು ಕಿರಿದಾಗುತ್ತ ಬಂತು. ಲವೀನಾ ಕೊನೆಯ ಗಂಟು ಹಾಕಿ ದಾರವನ್ನು ಹಲ್ಲಿನಿಂದ ಕತ್ತರಿಸಿದಳು. ಆಮೇಲೆ, ಇಗರ್ಜಿಯ ಮೆಟ್ಟಿಲಿನ ಮೇಲೆ ಬಿಟ್ಟುಬಂದಿದ್ದ ತನ್ನ ಓಣಿಯ ಕೊಂಕಣಿಯಲ್ಲಿ, ಈ ಸೋಮವಾರ ಕಳೆದು ಬರುವ ಭಾನುವಾರ ಚರ್ಚಿನಲ್ಲಿ ಪೂಜೆ ಎಷ್ಟು ಹೊತ್ತಿಗೆ ಎಂದು ಅತ್ತೆಯನ್ನು ಕೇಳಿದಳು.

ಎಲಿಜಬೆತ್ ಬೆಚ್ಚಿ ನೋಡಿದರು. "ಹತ್ತಕ್ಕೆ. ಆಮೇಲೆ ಅಲ್ಲೇ ಊಟ ಉಂಟು," ಎಂದರು ಕನ್ನಡದಲ್ಲೇ. "ಯಾಕೆ, ನೀನೂ ಬರ್ತೀಯಾ?"

"ಇಲ್ಲ," ಎಂದಳು ಲವೀನಾ, ಕೌದಿಯನ್ನು ಮಡಿಸುತ್ತ. "ನಾನು ಸಿಂಥಿಯಾ ಜೊತೆ ಇರ್ತೀನಿ. ನೀವು, ಆಂಟನಿ ಇಬ್ಬರೂ ಹೋಗಿ ನಿಧಾನಕ್ಕೆ ಬನ್ನಿ."